ಕಡತದಲ್ಲಿ ಉಳಿದ ಒಂದು ಪ್ರಶ್ನೆ

ಕಳೆದ ಭಾನುವಾರ ಶ್ರದ್ಧಾಂಜಲಿ ಸಭೆಯೊಂದರಲ್ಲಿ ಕೇಳಿದ ಮಾತು ಈ ವಾರವಿಡೀ ನನ್ನ ತಲೆಯಲ್ಲಿ ಸುಳಿಯುತ್ತಲೇ ಇದೆ. ತೀರಿಕೊಂಡವರು 1990ರ ದಶಕದಲ್ಲಿ ನಮ್ಮ ಕ್ಷೇತ್ರದ ಲೋಕಸಭಾ ಸದಸ್ಯರಾಗಿದ್ದವರು. ವೇದಿಕೆ ಏರಿದವರೆಲ್ಲ ಅವರು ಮಾಡಿಸಿದ ರಸ್ತೆಗಳನ್ನು, ಕೊಡಿಸಿದ ನೌಕರಿಗಳನ್ನು, ಕರೆದವರ ಮನೆಯ ಮದುವೆಗೆ ತಪ್ಪದೆ ಹೋಗುತ್ತಿದ್ದುದನ್ನು ನೆನೆದರು. ಸಂಸತ್ತಿನ ಹೆಸರನ್ನು ಒಬ್ಬರೂ ಎತ್ತಲಿಲ್ಲ. ಸಭೆ ಮುಗಿದ ಮೇಲೆ, ಅವರ ಚುನಾವಣೆಗಳಲ್ಲೆಲ್ಲ ಓಡಾಡಿದ್ದ ಹಿರಿಯರೊಬ್ಬರ ಪಕ್ಕ ಕುಳಿತು, "ಲೋಕಸಭೆಯಲ್ಲಿ ಅವರು ಏನೇನು ಮಾತಾಡಿದ್ದರು ಸಾರ್?" ಎಂದು ಕೇಳಿದೆ. ಅವರು ಕ್ಷಣವೂ ಯೋಚಿಸದೆ, "ಮಾತೆಲ್ಲಿ ಬಂತಪ್ಪ? ಅವರು ಮಾತಿನ ಮನುಷ್ಯರೇ ಅಲ್ಲ, ಕೆಲಸದ ಮನುಷ್ಯರು" ಎಂದರು.

ಹಾಗೆಂದದ್ದು ದೂರಲು ಅಲ್ಲ, ಹೊಗಳಲು. ಅದಕ್ಕೇ ಆ ಮಾತು ನನ್ನನ್ನು ಹೆಚ್ಚು ಕಲಕಿತು. ಆ ಹಿರಿಯರು ಒಳ್ಳೆಯವರು. ಪಕ್ಷಕ್ಕಾಗಿ ಮೂವತ್ತು ವರ್ಷ ದುಡಿದು ತಮಗಾಗಿ ಏನನ್ನೂ ಕೇಳದವರು. ಅಂಥವರೇ ಸಂಸದನಿಗೆ ಮಾತು ಬೇರೆ, ಕೆಲಸ ಬೇರೆ ಎಂದು ನಂಬಿದ್ದಾರೆಂದರೆ ನಾವೆಲ್ಲ ಸೇರಿ ಅವರಿಗೆ ಹಾಗೆ ನಂಬಲು ಕಲಿಸಿದ್ದೇವೆ ಎಂದೇ ಅರ್ಥ.

ಆ ರಾತ್ರಿಯೇ ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ ಹಳೆಯ ಕಲಾಪದ ಸಂಪುಟಗಳನ್ನು ತೆರೆದು ಅವರ ಹೆಸರನ್ನು ಹುಡುಕತೊಡಗಿದೆ. ನೂರಾರು ಪುಟಗಳ ಸ್ಕ್ಯಾನ್ ಪ್ರತಿಗಳು. ಕೆಲವು ಕಡೆ ಅಕ್ಷರ ಮಸುಕಾಗಿ ಹೆಸರೇ ಓದಲು ಬರುವುದಿಲ್ಲ. ಮೂರನೆಯ ರಾತ್ರಿ ಪ್ರಶ್ನೋತ್ತರ ವೇಳೆಯ ಒಂದು ಪುಟದಲ್ಲಿ ಅವರು ಸಿಕ್ಕರು. ಕಾವಲುಗಾರರಿಲ್ಲದ ರೈಲ್ವೆ ಲೆವೆಲ್ ಕ್ರಾಸಿಂಗ್‌ಗಳಲ್ಲಿ ಎಷ್ಟು ಜನ ಸಾಯುತ್ತಿದ್ದಾರೆ, ಎಲ್ಲ ಕಡೆ ಗೇಟು ಹಾಕಿ ಕಾವಲಿಗೆ ಜನರನ್ನು ಇಡುವ ಯೋಜನೆ ಇದೆಯೇ ಎಂಬುದು ಅವರ ಪ್ರಶ್ನೆ. ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದ್ದು ಸದನದ ಮುಂದೆ ಮಂಡಿಸಲಾಗುವುದು ಎಂದು ಮಂತ್ರಿಗಳು ಉತ್ತರಿಸಿದ್ದಾರೆ. ಅದರ ಕೆಳಗೆ ಮತ್ತೆ ಇವರ ಹೆಸರು, ಹೆಸರಿನ ಮುಂದೆ ಒಂದೇ ಪದ: "ಯಾವಾಗ?" ಆಮೇಲೆ ಸಭಾಧ್ಯಕ್ಷರು ಮುಂದಿನ ಪ್ರಶ್ನೆಯ ಸಂಖ್ಯೆಯನ್ನು ಕರೆದಿದ್ದಾರೆ.

ಆ ಪುಟವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಆ ಒಂದು ಪದವನ್ನು ಆಡುವ ಅವಕಾಶ ಒಬ್ಬ ಸಾಮಾನ್ಯ ಸದಸ್ಯನಿಗೆ ಸುಲಭವಾಗಿ ಸಿಗುವುದಿಲ್ಲ. ಪ್ರಶ್ನೆಗೆ ಸಾಮಾನ್ಯವಾಗಿ 15 ದಿನ ಮುಂಚೆ ನೋಟಿಸ್ ಕೊಡಬೇಕು; ನೂರಾರು ನೋಟಿಸ್‌ಗಳ ನಡುವೆ ಚೀಟಿ ಎತ್ತಿದಾಗ ಹೆಸರು ಬರಬೇಕು; ಬಾಯಿಮಾತಿನ ಉತ್ತರ ಬೇಡುವ ಚುಕ್ಕೆ ಗುರುತಿನ ಪ್ರಶ್ನೆಗಳು ದಿನಕ್ಕೆ 20 ಪಟ್ಟಿಯಲ್ಲಿದ್ದರೂ ಒಂದು ಗಂಟೆಯೊಳಗೆ ಅಂಥ ಉತ್ತರ ದೊರೆಯುವುದು ಮೊದಲ ಕೆಲವಕ್ಕೆ ಮಾತ್ರ. ಸರದಿ ಬಂದರೆ ಉಪಪ್ರಶ್ನೆ ಕೇಳಬಹುದು, ಮಂತ್ರಿಗಳು ಅಲ್ಲಿಯೇ ಎದ್ದು ನಿಂತು ಉತ್ತರಿಸಬೇಕು. ಅಷ್ಟೆಲ್ಲ ದಾಟಿ ಬಂದ ಕ್ಷಣದಲ್ಲಿ ಕ್ಷೇತ್ರದ ಗುಣಗಾನವನ್ನಾಗಲೀ ತಮ್ಮ ಪಕ್ಷದ ಹೊಗಳಿಕೆಯನ್ನಾಗಲೀ ತುಂಬದೆ, ಉತ್ತರದಲ್ಲಿ ಇಲ್ಲದ್ದು ಏನೋ ಅದನ್ನೇ ಹಿಡಿದು ಕೇಳಿದವರನ್ನು ಮಾತಿನ ಮನುಷ್ಯರಲ್ಲ ಎನ್ನಲು ನನಗೆ ಮನಸ್ಸು ಬರುತ್ತಿಲ್ಲ. ಮಾಹಿತಿ ಸಂಗ್ರಹಿಸಲಾಗುತ್ತಿದೆ ಎಂಬಂಥ ಉತ್ತರವನ್ನು ಸದನವು ಭರವಸೆಯೆಂದು ಪರಿಗಣಿಸುತ್ತದೆ. ಅದನ್ನು ಮೂರು ತಿಂಗಳೊಳಗೆ ಈಡೇರಿಸಬೇಕು, ಈಡೇರಿತೇ ಎಂದು ನೋಡಲು ಸರ್ಕಾರಿ ಭರವಸೆಗಳ ಸಮಿತಿಯೇ ಇದೆ. ಅವರ ಆ ಒಂದು ಪದ ಒತ್ತಿದ್ದು ಈ ಹೊಣೆಯನ್ನೇ.

ಪುಟದ ಅಡಿಯಲ್ಲಿ ಸಣ್ಣ ಅಕ್ಷರದ ಟಿಪ್ಪಣಿಯೊಂದಿತ್ತು: ಇದು ಕನ್ನಡದಲ್ಲಿ ಆಡಿದ ಮಾತಿನ ಇಂಗ್ಲಿಷ್ ಅನುವಾದ. ಅಂದರೆ ಅವರ ಬಾಯಿಂದ ಬಂದ ಕನ್ನಡ ಪದ ಆ ಪುಟದಲ್ಲಿ ಇಲ್ಲ. ನಾನೇ ಅದನ್ನು ಇಂಗ್ಲಿಷ್‌ನಿಂದ ಮನಸ್ಸಿನಲ್ಲಿ ಮರಳಿ ಕನ್ನಡಕ್ಕೆ ತಂದುಕೊಂಡು ಓದಿದ್ದೆ. "ಯಾವಾಗ?" ಎಂದರೋ, "ಅದು ಯಾವಾಗ ಸ್ವಾಮಿ?" ಎಂದರೋ, ಇನ್ನು ತಿಳಿಯುವಂತಿಲ್ಲ. ಹಿಂದಿಯಲ್ಲಾಗಲೀ ಇಂಗ್ಲಿಷ್‌ನಲ್ಲಾಗಲೀ ಮನದ ಮಾತನ್ನು ಸರಿಯಾಗಿ ಹೇಳಲಾಗದ ಸದಸ್ಯನಿಗೆ ತಾಯ್ನುಡಿಯಲ್ಲಿ ಮಾತನಾಡಲು ಸಭಾಧ್ಯಕ್ಷರು ಅನುಮತಿ ಕೊಡಬಹುದು ಎಂದು ಸಂವಿಧಾನದ 120ನೇ ವಿಧಿಯಲ್ಲೇ ಇದೆ. ಆದರೂ ಲೋಕಸಭೆಯಲ್ಲಿ ಕನ್ನಡದ ದನಿ ಮೊದಲು ಕೇಳಿಸಿದ್ದು 1967ರಲ್ಲಿ, ಶಿವಮೊಗ್ಗದಿಂದ ಗೆದ್ದು ಹೋಗಿದ್ದ ಜೆ.ಎಚ್. ಪಟೇಲರಿಂದ. ಆ ದಾರಿಯಲ್ಲಿ ನಡೆದ ಇನ್ನೊಬ್ಬರು ನಮ್ಮ ನಡುವೆಯೇ ಇದ್ದರೆಂಬುದು ನನಗೆ ತಿಳಿದದ್ದು ಅವರು ತೀರಿಕೊಂಡ ಮೇಲೆ. ಅದಕ್ಕಾಗಿ ನನಗೆ ನಾಚಿಕೆಯಾಗುತ್ತಿದೆ.

ಸದನದ ಮಾತು ಬರೀ ಮಾತಲ್ಲ ಎಂಬುದಕ್ಕೆ ಫಿರೋಜ್ ಗಾಂಧಿಯವರೊಬ್ಬರ ಉದಾಹರಣೆಯೇ ಸಾಕು. ಸರ್ಕಾರಿ ಜೀವ ವಿಮಾ ನಿಗಮದ ಹಣ ಉದ್ಯಮಿ ಹರಿದಾಸ್ ಮುಂಧ್ರಾ ಅವರ ಕಂಪನಿಗಳ ಷೇರುಗಳಿಗೆ ಹೇಗೆ ಹೋಯಿತೆಂದು ಅವರು 1957ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಬಿಡಿಬಿಡಿಯಾಗಿ ತೆರೆದಿಟ್ಟರು. ಅವರು ಆಡಳಿತ ಪಕ್ಷದವರೇ, ಪ್ರಧಾನಿಯ ಅಳಿಯ ಬೇರೆ. ವಿಚಾರಣಾ ಆಯೋಗ ಕುಳಿತಿತು, 1958ರ ಫೆಬ್ರವರಿಯಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿಯವರು ರಾಜೀನಾಮೆ ಕೊಟ್ಟರು.

ಈಚಿನ ಕಲಾಪಗಳನ್ನು ಓದಿದಾಗ ಬೇರೊಂದು ಸಂಗತಿ ಮನಸ್ಸಿಗೆ ನೋವು ತಂದಿತು. ಲೋಕಸಭೆಯ ಕಾರ್ಯವಿಧಾನದ ನಿಯಮ 377ರ ಅಡಿಯಲ್ಲಿ ಸದಸ್ಯರು ತಮ್ಮ ಕ್ಷೇತ್ರದ ವಿಷಯಗಳನ್ನು ಸದನದಲ್ಲಿ ಎತ್ತಬಹುದು. ಈಗ ಅದೆಷ್ಟೋ ದಿನ ಅವುಗಳನ್ನು ಯಾರೂ ಎದ್ದು ನಿಂತು ಓದುವುದಿಲ್ಲ. ಬರೆದು ಕೊಟ್ಟದ್ದನ್ನು ಮಂಡಿಸಲಾಗಿದೆ ಎಂದು ಭಾವಿಸಿ ಕಡತಕ್ಕೆ ಸೇರಿಸಿಬಿಡುತ್ತಾರೆ. ಗದ್ದಲದ ದಿನ ಅದಾದರೂ ಉಳಿಯಲಿ ಎಂಬ ಉದ್ದೇಶ ನನಗೆ ಅರ್ಥವಾಗುತ್ತದೆ. ಆದರೆ ಯಾರ ಕಿವಿಗೂ ಬೀಳದ ಅಹವಾಲು ಎದುರಿಗಿರುವ ಮಂತ್ರಿಯನ್ನು ತಲೆ ಎತ್ತಿ ನೋಡುವಂತೆ ಮಾಡಲಾರದು, ಅದರ ಮೇಲೆ ಯಾರೂ "ಯಾವಾಗ?" ಎಂದು ಕೇಳಲೂ ಆಗದು.

ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಲೆವೆಲ್ ಕ್ರಾಸಿಂಗ್‌ಗಳು ಇಲ್ಲವಾದದ್ದು 2019ರ ಜನವರಿಯ ಹೊತ್ತಿಗೆ. ನಮ್ಮವರ ಪ್ರಶ್ನೆಯಿಂದಲೇ ಅದಾಯಿತೆಂದು ನಾನು ಹೇಳುವುದಿಲ್ಲ; ಎಷ್ಟೋ ಸದಸ್ಯರು ಎಷ್ಟೋ ವರ್ಷ ಕೇಳಿದ್ದಾರೆ, ಎಷ್ಟೋ ಜೀವಗಳು ಹಳಿಯ ಮೇಲೆ ಹೋಗಿವೆ. ಆ ಕೇಳಿದವರ ಸಾಲಿನಲ್ಲಿ ಇವರೂ ಇದ್ದರು ಎಂಬುದು ಶ್ರದ್ಧಾಂಜಲಿ ಸಭೆಯಲ್ಲಿ ಒಬ್ಬರ ಬಾಯಲ್ಲಾದರೂ ಬರಬೇಕಿತ್ತು.

ನಿನ್ನೆ ಆ ಪುಟವನ್ನು ಮುದ್ರಿಸಿಕೊಂಡು ಹಿರಿಯರ ಮನೆಗೆ ಹೋದೆ. ಅವರು ಕನ್ನಡಕ ಹಾಕಿಕೊಂಡು, ತಮ್ಮ ನಾಯಕರ ಹೆಸರಿದ್ದ ಸಾಲಿನ ಮೇಲೆ ಬೆರಳಿಟ್ಟುಕೊಂಡು ತುಂಬಾ ಹೊತ್ತು ನೋಡಿದರು.

"ಇಂಗ್ಲಿಷಲ್ಲಿದೆಯಲ್ಲಪ್ಪ. ಏನಂತ ಕೇಳಿದ್ರು?"

"ಯಾವಾಗ ಅಂತ ಕೇಳಿದ್ದಾರೆ ಸಾರ್. ಕನ್ನಡದಲ್ಲೇ ಕೇಳಿದ್ದಾರೆ."

ಅವರು ಬೆರಳನ್ನು ಸರಿಸದೆ ಮತ್ತೆ ಕೇಳಿದರು: "ಅದಕ್ಕೆ ಮಂತ್ರಿಗಳು ಏನಂದ್ರು?"