ದುಡ್ಡಿದ್ರೆ ರೇಸ್ ಟೀಮ್ ಕಟ್ಟೋಕೇನು ಧಾಡಿ?

ನಮ್ಮ ಓಣಿಯಲ್ಲಿ ಫಾರ್ಮುಲಾ ಒನ್ ಕಾರ್ ರೇಸ್ ನೋಡುವವನು ನಾನೊಬ್ಬನೇ. ಹಾಗಾಗಿ ಮದುವೆ, ತಿಥಿ, ಗೃಹಪ್ರವೇಶ, ಎಲ್ಲಿ ಹೋದರೂ ಇದೇ: "ಅಲ್ಲೋ, ಅಷ್ಟು ಕೋಟಿ ಇಟ್ಕೊಂಡೋರಿಗೆ ಹೊಸ ಟೀಮ್ ಕಟ್ಟಿ ಗೆಲ್ಲೋಕೇನು ಧಾಡಿ?" ಧಾಡಿಯಂತೆ. ಹೇಳಿ ಹೇಳಿ ಸಾಕಾಗಿದೆ, ಇನ್ನು ಓದಿಕೊಳ್ಳಿ.

ಕಳೆದ ಸಲ ಕೇಳಿದ್ದು ಚಿಕ್ಕಪ್ಪ. ದಾವಣಗೆರೆಯಲ್ಲಿ ಅವರದೊಂದು ಬೆಣ್ಣೆ ದೋಸೆ ಹೋಟೆಲ್. ಗಲ್ಲಾದಲ್ಲಿ ಚಿಲ್ಲರೆ ಎಣಿಸುತ್ತಲೇ ಕೇಳಿದರು.

"ಚಿಕ್ಕಪ್ಪ, ಈ ರಸ್ತೇಲಿ ಹತ್ತು ದೋಸೆ ಹೋಟ್ಲು ಅದಾವೆ ಅಂದ್ಕೊಳ್ಳಿ. ಹನ್ನೊಂದನೇದು ಇಡೋನು, ನಿಮ್ಮ ಗಿರಾಕಿ ಕಮ್ಮಿ ಆಗ್ತಾರೆ ಅಂತ ಮೊದಲು ನಿಮಗೆಲ್ಲ ದುಡ್ಡು ಕಟ್ಬೇಕು. ಆಮೇಲೆ ಒಲೆ ಹಚ್ಬೇಕು. ಅಲ್ಲಿ ಹಿಂಗೇ."

ಟೀಮುಗಳು ಸಹಿ ಹಾಕಿದ 2021ರ ಒಪ್ಪಂದದಲ್ಲಿ ಈ ಬಾಬತ್ತು 20 ಕೋಟಿ ಡಾಲರ್. 2026ಕ್ಕೆ ಜಾಗ ಗಿಟ್ಟಿಸಿದ ಕ್ಯಾಡಿಲಾಕ್‌ಗೆ ಸುಮಾರು 45 ಕೋಟಿ ಅಂತ ವರದಿಯಾಗಿತ್ತು. ಕಾರಿನ ಒಂದು ಬೋಲ್ಟೂ ಇದರಲ್ಲಿ ಸೇರಿಲ್ಲ. ದುಡ್ಡು ಹಿಡಿದು ನಿಂತರೂ ಬಾಗಿಲು ತೆಗೀತಾರೆ ಅಂತಿಲ್ಲ: ಆಂಡ್ರೆಟ್ಟಿ ಟೀಮಿಗೆ 2023ರಲ್ಲಿ ರೇಸಿನ ನಿಯಮ ನೋಡಿಕೊಳ್ಳುವ ಎಫ್‌ಐಎ ಹೂಂ ಅಂದಿತು, 2024ರ ಜನವರಿಯಲ್ಲಿ ವ್ಯಾಪಾರ ನೋಡಿಕೊಳ್ಳುವ ಎಫ್‌ಒಎಂ ಊಹೂಂ ಅಂದಿತು.

ಚಿಕ್ಕಪ್ಪ ಎಲ್ಲ ಕೇಳಿಸಿಕೊಂಡು, "ಈ ರೂಲ್ಸು ನಮ್ಮೂರಿಗೆ ಯಾವಾಗ ಬರ್ತೈತಪ್ಪಾ?" ಅಂದರು.

ಒಳಗೆ ಹೋದವರ ಪಾಡು ಕೇಳಿ. 2010ರಲ್ಲಿ ಲೋಟಸ್, ವರ್ಜಿನ್, ಹಿಸ್ಪಾನಿಯಾ ಬಂದವು. ಖರ್ಚಿಗೆ 4 ಕೋಟಿ ಪೌಂಡಿನ ಮಿತಿ ಬರುತ್ತದೆ ಎಂಬ ಮಾತಿತ್ತು; ದೊಡ್ಡ ಟೀಮುಗಳು ಜಗಳ ತೆಗೆದು ಅದನ್ನೇ ಎತ್ತಿಸಿದವು. ವರ್ಜಿನ್ ಕಾರಿನ ಟ್ಯಾಂಕಂತೂ ರೇಸ್ ಮುಗಿಸುವಷ್ಟು ಇಂಧನ ಹಿಡಿಯದಷ್ಟು ಚಿಕ್ಕದಾಗಿಬಿಟ್ಟಿತ್ತು. (ನಗಿ, ನಾನೂ ನಕ್ಕಿದ್ದೆ.) ಮೂರು ವರ್ಷ ಓಡಿದರೂ ಮೂರು ಟೀಮಲ್ಲಿ ಒಂದಕ್ಕೂ ಒಂದು ಪಾಯಿಂಟಿಲ್ಲ. ಅಷ್ಟರಲ್ಲಿ ಲೋಟಸ್ ಹೋಗಿ ಕ್ಯಾಟರ್‌ಹ್ಯಾಮ್, ವರ್ಜಿನ್ ಹೋಗಿ ಮರುಸ್ಸಿಯಾ ಆಗಿದ್ದವು. 2012ರ ಕೊನೆಯ ರೇಸ್, ಬ್ರೆಜಿಲ್: ಕ್ಯಾಟರ್‌ಹ್ಯಾಮ್‌ನ ಪೆಟ್ರೋವ್ 11ನೆಯವನಾಗಿ ಬಂದ. ಪಾಯಿಂಟ್ ಸಿಗೋದು ಮೊದಲ ಹತ್ತು ಜನಕ್ಕೆ. ಆದರೂ ಪಾಯಿಂಟ್ ಸೊನ್ನೆ-ಸೊನ್ನೆ ಆದಾಗ ಮೇಲಿನ ಸ್ಥಾನದಲ್ಲಿ ಮುಗಿಸಿದವರೇ ಮುಂದೆ, ಹಾಗಾಗಿ ಆ 11ರಿಂದ ಅವನ ಟೀಮು ಮರುಸ್ಸಿಯಾವನ್ನು ದಾಟಿ ಪಟ್ಟಿಯಲ್ಲಿ ಹತ್ತನೆಯದಾಯಿತು, ಬಹುಮಾನದ ಹಣದಲ್ಲಿ ಕೋಟಿಗಟ್ಟಲೆ ಫರಕು ಬಿತ್ತು. ಹಿಸ್ಪಾನಿಯಾ ಅದೇ ವರ್ಷ ಬಾಗಿಲು ಹಾಕಿತು.

ಇಷ್ಟೆಲ್ಲ ಕೇಳುವವರು, "ಮತ್ತೆ ನೀನ್ಯಾಕೆ ಕೊನೇಲಿ ಓಡೋರನ್ನೇ ನೋಡ್ತೀಯ?" ಅಂತ ಒಂದು ಸಲವಾದರೂ ಕೇಳಬಾರದೇ?

ಕೇಳಿದ್ದರೆ 2010ರ ಮಾರ್ಚ್ 14ರಿಂದ ಶುರು ಮಾಡುತ್ತಿದ್ದೆ. ಬಹ್ರೇನ್. ಹಿಸ್ಪಾನಿಯಾದಲ್ಲಿ ನಮ್ಮ ದೇಶದ ಡ್ರೈವರ್ ಕರುಣ್ ಚಂದೋಕ್. ಅಭ್ಯಾಸದ ಹೊತ್ತಿಗೆ ಅವನ ಕಾರೇ ಸಿದ್ಧವಾಗಿರಲಿಲ್ಲ. ಅದನ್ನು ಮೊದಲ ಸಲ ಓಡಿಸಿದ್ದು ಶನಿವಾರದ ಅರ್ಹತಾ ಸುತ್ತಿನಲ್ಲಿ. ನಾವು ಹೊಸ ಬೈಕ್ ತಂದರೂ ದುಗ್ಗಮ್ಮನ ಗುಡಿ ಮುಂದೆ ನಿಂಬೆಹಣ್ಣು ಹತ್ತಿಸಿ, ಪಿ.ಬಿ. ರೋಡಲ್ಲಿ ಒಂದು ರೌಂಡ್ ಹೊಡೆದು ನೋಡುತ್ತೇವೆ. ಅವನಿಗೆ ಅದೂ ಇಲ್ಲ.

ಭಾನುವಾರ ಸಂಜೆ ಖಾರ ಮಂಡಕ್ಕಿ, ನಾಲ್ಕು ಮಿರ್ಚಿ ಕಟ್ಟಿಸಿಕೊಂಡು ಬಂದು ಟಿವಿ ಮುಂದೆ ಕೂತೆ. ಎರಡನೇ ಲ್ಯಾಪಿನಲ್ಲಿ ಕಾರು ಕೈತಪ್ಪಿ ಅವನ ಆಟ ಮುಗಿಯಿತು. ಮಿರ್ಚಿ ಇನ್ನೂ ಬಾಯಿ ಸುಡುತ್ತಿತ್ತು.

ಎರಡು ವಾರಕ್ಕೆ ಮೆಲ್ಬರ್ನ್. 5 ಲ್ಯಾಪ್ ಹಿಂದೆ, 14ನೇ ಸ್ಥಾನ, ಆದರೆ ಮುಗಿಸಿದ! ತಡೆಯಲಾರದೆ ಚಿಕ್ಕಪ್ಪನಿಗೆ ಫೋನ್ ಹಚ್ಚಿದೆ.

"ಫಸ್ಟ್ ಬಂದ್ನಾ?" ಅಂದರು.