ಜಿರಲೆಗೆ ಹೊಸ ಹೆಸರು ಇಡುವ ಮೊದಲು

ಪುಣೆಯಲ್ಲಿ ಜಿರಲೆಗಳ ವರ್ಗೀಕರಣ ನನ್ನ ಕೆಲಸ. ಬೆಳಗಾವಿ, ಧಾರವಾಡದ ಕಡೆಯಿಂದ ಬಂದು ಲ್ಯಾಬ್ ಸೇರುವ ಹುಡುಗ ಹುಡುಗಿಯರು ಬೇಗನೆ ಒಂದು ಪ್ರಶ್ನೆ ಕೇಳುತ್ತಾರೆ: "ಇದು ಹೊಸ ಪ್ರಭೇದ ಇರಬಹುದಾ?" ನಾನು ತಿರುಗಿ ಕೇಳುತ್ತೇನೆ: "ಬೆಳೆದ ಗಂಡು ಸಿಕ್ಕಿದೆಯಾ?"

ಬಣ್ಣ, ಗಾತ್ರ ನೋಡಿ ಹೇಳುವ ಹಾಗಿಲ್ಲ. ಅಡುಗೆಮನೆಯ ಜರ್ಮನ್ ಜಿರಲೆಯನ್ನೂ ತರಗೆಲೆಯಲ್ಲಿರುವ ಏಷ್ಯನ್ ಜಿರಲೆಯನ್ನೂ ಪಕ್ಕದಲ್ಲಿಟ್ಟರೆ ಗುರುತಿಸುವುದು ಕಷ್ಟ. ಎರಡಕ್ಕೂ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಆದರೆ ಜರ್ಮನ್ ಜಿರಲೆ ಬೆಳಕು ಕಂಡರೆ ಓಡಿ ಅಡಗುತ್ತದೆ, ಏಷ್ಯನ್ ಜಿರಲೆ ಬೆಳಕಿಗೆ ಹಾರಿ ಬರುತ್ತದೆ. ಮೊದಲನೆಯದಕ್ಕೆ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 1767ರಲ್ಲೇ ಹೆಸರಿಟ್ಟ. ಎರಡನೆಯದಕ್ಕೆ ಹೆಸರು ಬಂದದ್ದು 1981ರಲ್ಲಿ!

ಗಂಡು ಯಾಕೆ ಬೇಕು? ಪ್ರಭೇದ ಗುರುತಿಸಲು ಅದರ ಜನನಾಂಗ ನೋಡಬೇಕು. ಹೊಟ್ಟೆಯ ತುದಿಯನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ನೆನೆಸಿದರೆ ಮೆತ್ತಗಿನ ಭಾಗ ಕರಗುತ್ತದೆ. ಜನನಾಂಗದ ಗಟ್ಟಿ ಚೂರುಗಳು ಉಳಿಯುತ್ತವೆ. ಜಿರಲೆಯಲ್ಲಿ ಇವು ಎಡಕ್ಕೂ ಬಲಕ್ಕೂ ಒಂದೇ ಥರ ಇರುವುದಿಲ್ಲ. ಕೊಕ್ಕೆ ಯಾವ ಕಡೆಗಿದೆ, ಅದರ ತುದಿ ಹೇಗೆ ಬಾಗಿದೆ ಎಂಬುದನ್ನು ಚಿತ್ರ ಬರೆಯುತ್ತಾ ನೋಡಬೇಕು. ಕೆಲವು ಗಂಡುಗಳ ಬೆನ್ನಿನ ಮೇಲೆ ಗ್ರಂಥಿಯ ಗುಳಿ ಇರುತ್ತದೆ. ಕೂಡುವ ಮೊದಲು ಹೆಣ್ಣು ಅದರ ಸ್ರಾವವನ್ನು ತಿನ್ನುತ್ತದೆ. ಆ ಗುಳಿಯ ಆಕಾರವೂ ಗುರುತು. ಮರಿಗಳಲ್ಲಿ ಇದು ಯಾವುದೂ ಇಲ್ಲ. ಕೆಲವು ಗುಂಪುಗಳಲ್ಲಿ ಗಂಡಿಗೆ ರೆಕ್ಕೆ, ಹೆಣ್ಣಿಗೆ ಇಲ್ಲ. ಬೇರೆ ಬೇರೆ ಕೀಟ ಅಂತಲೇ ಅನಿಸುತ್ತದೆ. ಜೋಡಿ ಸೇರಿಸಲು ಡಿಎನ್‌ಎ ಬಾರ್‌ಕೋಡ್, ಅಂದರೆ ಪ್ರಭೇದ ಗುರುತಿಸಲು ಬಳಸುವ ಡಿಎನ್‌ಎಯ ಸಣ್ಣ ತುಣುಕು, ಬೇಕಾಗುತ್ತದೆ.

ಇಷ್ಟಾದರೂ ಅರ್ಧ ಕೆಲಸ ಮಾತ್ರ. ಜಗತ್ತಿನಲ್ಲಿ 4,600ಕ್ಕೂ ಹೆಚ್ಚು ಜಿರಲೆಗಳಿಗೆ ಆಗಲೇ ಹೆಸರಿದೆ. ಮನುಷ್ಯರ ಜೊತೆ ಬಾಳುವವು ಸುಮಾರು 30 ಅಷ್ಟೇ. ಉಳಿದವು ಕಾಡಿನವು, ಅವನ್ನು ನೋಡಿದವರೇ ಕಡಿಮೆ. ಇಂಗ್ಲೆಂಡಿನ ಕೀಟಶಾಸ್ತ್ರಜ್ಞ ಫ್ರಾನ್ಸಿಸ್ ವಾಕರ್ 1868ರಲ್ಲಿ ಬ್ರಿಟಿಷ್ ಮ್ಯೂಸಿಯಂನ ಜಿರಲೆಗಳ ಪಟ್ಟಿ ಮಾಡಿದ. ನಮ್ಮ ನಾಡಿನ ಜಿರಲೆಗಳೂ ಅದರಲ್ಲಿವೆ. ಆಗಿನ ವಿವರಣೆ ಕೆಲವೇ ಸಾಲು, ಜನನಾಂಗದ ಮಾತೇ ಇಲ್ಲ. ಹಾಗಾಗಿ ಲಂಡನ್‌ನಲ್ಲಿರುವ ಮೂಲ ಮಾದರಿಯನ್ನೇ ನೋಡಬೇಕು, ಕೊನೇಪಕ್ಷ ಒಳ್ಳೆಯ ಫೋಟೋಗಳನ್ನಾದರೂ ತರಿಸಬೇಕು. ನನಗೆ ಈ ಹುಡುಕಾಟವೇ ಜಾಸ್ತಿ ಇಷ್ಟ. ಆಗಲೇ ಹೆಸರಿರುವ ಜಿರಲೆಗೆ ಸುಮ್ನೆ ಇನ್ನೊಂದು ಹೆಸರು ಸೇರಿಸಿದರೆ ಮುಂದಿನವರಿಗೆ ಗೊಂದಲ ಅಲ್ವಾ?

ಹೊಸದೇ ಎಂದು ಖಾತ್ರಿಯಾದ ಮೇಲೆ ಒಂದು ಮಾದರಿಯನ್ನು ಹೋಲೋಟೈಪ್ (ಆ ಹೆಸರಿಗೆ ಆಧಾರವಾಗುವ ಮೂಲ ಮಾದರಿ) ಎಂದು ಆರಿಸಿ ಸಂಗ್ರಹಾಲಯಕ್ಕೆ ಕೊಡುತ್ತೇವೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ, ಸರ್ಕಾರ ಗೊತ್ತುಮಾಡಿದ ಸಂಸ್ಥೆಗೆ ಹೊಸ ಪ್ರಭೇದದ ವಿಷಯ ತಿಳಿಸಲೇಬೇಕು.

ಮಳೆಗಾಲ ಮುಗಿದ ಮೇಲೆ ಗೋವಾದ ಮೊಲ್ಲೆಂ ಕಾಡಿನ ಕಡೆ ಹೋಗುವವರಿಗೆ ನಾನು ಹೇಳುವುದಿಷ್ಟು. ಮೊದಲು ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ರಾತ್ರಿ ಬಿಳಿ ಪರದೆಯ ಮೇಲೆ ದೀಪ ಬಿಟ್ಟರೆ ರೆಕ್ಕೆಯವು ಬರುತ್ತವೆ. ರೆಕ್ಕೆ ಇಲ್ಲದ ಹೆಣ್ಣುಗಳಿಗೆ ತರಗೆಲೆ ಜರಡಿ ಹಿಡಿಯಬೇಕು. ಡಿಎನ್‌ಎಗಾಗಿ ಕೆಲವನ್ನು 95% ಆಲ್ಕೋಹಾಲ್‌ನಲ್ಲಿಡಿ. ಊರು, ತಾರೀಖು, ದೀಪಕ್ಕೆ ಬಂದದ್ದೋ ಎಲೆಯಡಿ ಸಿಕ್ಕಿದ್ದೋ ಎಂಬುದನ್ನು ಅಲ್ಲೇ ಪೆನ್ಸಿಲ್‌ನಲ್ಲಿ ಬರೆದು ಸೀಸೆಯೊಳಗೇ ಹಾಕಿ. ಪೆನ್ನಿನ ಶಾಯಿ ಆಲ್ಕೋಹಾಲ್‌ನಲ್ಲಿ ಅಳಿಸಿಹೋಗುತ್ತದೆ.