ಅಂಗಡಿ ವಾಪಸ್ ಕೊಟ್ನಾ ಅಂವ?

ಆ ವಾರ ನಮ್ಮ ಅಡಿಕೆ ಸುಲಿಯುವ ಮಷೀನು ಕೈಕೊಟ್ಟಿತ್ತು. ರಿಪೇರಿಯವನು ನಾಳೆ ಬರ್ತೇನೆ ಅಂದು ನಾಲ್ಕು ನಾಳೆ ಕಳೆದಿತ್ತು. ಕೆಂಪಡಿಕೆ ಮಾಡುವವರಿಗೆ ಕಾಯುವ ಹಾಗಿಲ್ಲ. ಕೊಯ್ದದ್ದನ್ನು ಹಸಿ ಇರುವಾಗಲೇ ಸುಲಿದು ಬೇಯಿಸಬೇಕು. ಹಾಗಾಗಿ ಕೆಳಗಿನ ಕೇರಿಯಿಂದ ಐದು ಜನ ಹೆಂಗಸರು ರಾತ್ರಿ ಊಟ ಮುಗಿಸಿ, ಕಾಲಲ್ಲಿ ಮೆಟ್ಟಿಕೊಂಡು ಸುಲಿಯುವ ತಮ್ಮ ತಮ್ಮ ಮೆಟ್ಟುಗತ್ತಿ ಹಿಡಿದುಕೊಂಡು ಬಂದರು. ಶಿರಸಿಯಿಂದ ಸಿದ್ದಾಪುರದ ಕಡೆ ಹೋಗುವಾಗ ಒಳಗೆ ತಿರುಗಿದರೆ ಸಿಗುವ ಊರು ನಮ್ಮದು. ಡಿಸೆಂಬರ್ ಚಳಿ. ಅಟ್ಟದ ಕೆಳಗೆ ಒಂದು ಬಲ್ಬು, ನಡುವೆ ಅಡಿಕೆ ರಾಶಿ, ಸುತ್ತ ಮೆಟ್ಟುಗತ್ತಿ. ನಾನೂ ಒಂದು ಹಿಡಿದು ಮೂಲೆಯಲ್ಲಿ ಕುಳಿತೆ. ಅವರು ಹತ್ತು ಸುಲಿಯುವಷ್ಟರಲ್ಲಿ ನನ್ನದು ಮೂರು.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ನನಗೆ ರೊಮ್ಯಾಂಟಿಕ್ ಕಾಮಿಡಿ ಸಿನಿಮಾಗಳ ಹುಚ್ಚು. ವಯಸ್ಸು ನಲವತ್ತಾರು, ತಲೆ ಅರ್ಧ ಬೆಳ್ಳಗಾಗಿದೆ, ಸೊಸೈಟಿಯಲ್ಲಿ ಸಾಲ ಇದೆ. ಆದರೂ ರಾತ್ರಿ ಎಲ್ಲರೂ ಮಲಗಿದ ಮೇಲೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಯಾವುದೋ ಊರಿನ ಯಾವುದೋ ಹುಡುಗ ಹುಡುಗಿ ಜಗಳ ಆಡಿ ಒಂದಾಗುವುದನ್ನು ನೋಡ್ತೇನೆ. ನನ್ನ ಹೆಂಡತಿಗೆ ಕೊಲೆ ಬೇಕು. ಮೊದಲ ಹತ್ತು ನಿಮಿಷದಲ್ಲಿ ಹೆಣ ಬೀಳದಿದ್ದರೆ ಅವಳು ಎದ್ದು ಹೋಗ್ತಾಳೆ. ನನ್ನ ಸಿನಿಮಾಗಳಿಗೆ ಅವಳು ಇಟ್ಟ ಹೆಸರು ‘ಪಾಯಸ’.

ಈ ಹುಚ್ಚು ಹತ್ತಿದ್ದು ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ. ಅಪ್ಪಯ್ಯ ಒಳಗೆ ಐಸಿಯುನಲ್ಲಿ, ನಾನು ಹೊರಗೆ ಬೆಂಚಿನ ಮೇಲೆ, ಹನ್ನೊಂದು ರಾತ್ರಿ. ಪಕ್ಕದಲ್ಲಿ ಕುಳಿತಿದ್ದ ಹುಡುಗನೊಬ್ಬ ತನ್ನ ಫೋನನ್ನು ನನ್ನ ಕಡೆ ತಿರುಗಿಸಿದ. ಶಬ್ದ ಇಲ್ಲ, ಕೆಳಗೆ ಅಕ್ಷರ ಮಾತ್ರ. ಯಾವುದೋ ಮದುವೆ ಮನೆ, ಕೇಕು ಬೀಳ್ತದೆ, ಹುಡುಗಿ ನಗ್ತಾಳೆ. ಇವರಿಬ್ಬರೂ ಒಂದಾಗೇ ಆಗ್ತಾರೆ ಅಂತ ಖಾತ್ರಿ ಇತ್ತಲ್ಲ, ಆ ಬೆಂಚಿನ ಮೇಲೆ ನನಗೆ ಖಾತ್ರಿ ಇದ್ದದ್ದು ಅದೊಂದೇ. ಅಪ್ಪಯ್ಯ ಮನೆಗೆ ಬಂದರು, ಆಮೇಲೂ ಎರಡು ವರ್ಷ ಇದ್ದರು. ಹುಚ್ಚು ಹಾಗೇ ಉಳಿಯಿತು.

ಹಾಗಂತ ಸಿಕ್ಕಿದ್ದೆಲ್ಲ ನೋಡುವವನಲ್ಲ. ಇದಕ್ಕೂ ಒಂದು ಪಾಕ ಇದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವಾಗ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು ಅಂತ ಲೆಕ್ಕ ಇದೆಯಲ್ಲ, ಹಾಗೆ. ಒಂದು ಪಾಲು ಜಗಳ, ಒಂದು ಪಾಲು ಪ್ರೀತಿ, ಉಳಿದದ್ದು ಸುಮ್ನೆ ಮಾತು. ನನಗೆ ಆ ಸುಮ್ನೆ ಮಾತೇ ಇಷ್ಟ. ನಾಯಕಿ ಅಡುಗೆಮನೆಯಲ್ಲಿ ನಿಂತು ಗೆಳತಿಯ ಹತ್ತಿರ ಗೊಣಗುವುದು, ನಾಯಕ ತಪ್ಪು ಹೂವು ತರುವುದು. ಮಳೆಯಲ್ಲಿ ಕೈ ಚಾಚಿ ಹಾಡುವುದು ಬಂದರೆ ಮಾತ್ರ ಓಡಿಸಿಬಿಡ್ತೇನೆ. ಜುಲೈ ತಿಂಗಳಲ್ಲಿ ನಮ್ಮ ತೋಟದಲ್ಲಿ ಹಾಗೆ ನಿಂತರೆ ಪಲ್ಲವಿ ಮುಗಿಯುವುದರೊಳಗೆ ಕಾಲಿಗೆ ರಕ್ತ ಹೀರುವ ನಾಲ್ಕು ಉಂಬಳ. ಕೊನೆಗೆ ವಿಮಾನ ನಿಲ್ದಾಣಕ್ಕೆ ಓಡುವುದೂ ಸಾಕಾಗಿದೆ. ಒಂದು ಫೋನ್ ಮಾಡಬಾರದಾ?

ಇವರ ದುಡ್ಡಿನ ಲೆಕ್ಕ ಮಾತ್ರ ಕೇಳಲೇಬಾರದು. ಮೂರು ಕಿಟಕಿಯ ಮನೆ, ಮೂರು ಹೊತ್ತೂ ಹೋಟೆಲು. ಯಾರೂ ಕಂತು ಕಟ್ಟುವುದಿಲ್ಲ, ಯಾರ ತೋಟಕ್ಕೂ ಮಂಗ ಬರುವುದಿಲ್ಲ. ಆ ವರ್ಷ ಮಳೆಗಾಲದಲ್ಲಿ ನಮ್ಮ ಬೆಳೆ ಕಾಲು ಭಾಗ ಕೊಳೆ ಬಂದು ಉದುರಿತ್ತು. ಹಾಗಾಗಿ ಆ ವರ್ಷ ನಾನು ಸಿನಿಮಾ ನೋಡಿದ್ದೂ ಜಾಸ್ತಿ.

ಆ ರಾತ್ರಿಗೆ ಬರ್ತೇನೆ. ಮೊದಲು ಮಾತು, ಆಮೇಲೆ ಆಕಳಿಕೆ. ಒಬ್ಬರು ‘ಎಂತಾರೂ ಹಚ್ಚಿ ಹೆಗಡೇರೆ, ಕಣ್ಣು ಎಳೀತು’ ಅಂದರು. ಹಿಂದೆಲ್ಲ ಹೀಗೆ ಸುಲಿಯುವಾಗ ಯಕ್ಷಗಾನದ ಕ್ಯಾಸೆಟ್ ಹಾಕುತ್ತಿದ್ದೆವು. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ಗುಡ್ಡ ಹತ್ತಬೇಕು. ಫೋನಿನಲ್ಲಿ ಇದ್ದದ್ದು ಪೇಟೆಗೆ ಹೋದಾಗ ಡೌನ್‌ಲೋಡ್ ಮಾಡಿಕೊಂಡ ಒಂದೇ ಸಿನಿಮಾ, ‘ಯೂ ಹ್ಯಾವ್ ಗಾಟ್ ಮೇಲ್’. 1998ರದ್ದು, ಟಾಮ್ ಹ್ಯಾಂಕ್ಸ್, ಮೆಗ್ ರಯಾನ್. ಇಂಗ್ಲಿಷು. ಇರಲಿ ಅಂತ ಹಚ್ಚಿ, ಶಬ್ದ ದೊಡ್ಡದಾಗಲಿ ಅಂತ ಫೋನನ್ನು ಖಾಲಿ ತಪ್ಪಲೆಯೊಳಗೆ ನಿಲ್ಲಿಸಿದೆ.

ಎರಡು ನಿಮಿಷ ಆಗಿರಲಿಲ್ಲ, ಎಲ್ಲರಿಗಿಂತ ಹಿರಿಯ ಅಕ್ಕ ಕೇಳಿದರು. ‘ಅದು ಎಂತ ಅಂತು ಈಗ?’

ಹೇಳಿದೆ. ಮತ್ತೆ ಕೇಳಿದರು. ಮತ್ತೆ ಹೇಳಿದೆ. ಕೈಯಲ್ಲಿ ಕತ್ತಿ ಇರುವವರು ತಪ್ಪಲೆಯೊಳಗೆ ಇಣುಕುವ ಹಾಗಿಲ್ಲವಲ್ಲ, ಚಿತ್ರ ಕಾಣುತ್ತಿದ್ದದ್ದು ನನಗೊಬ್ಬನಿಗೇ. ಸ್ವಲ್ಪ ಹೊತ್ತಿಗೆ ನನ್ನ ಮೆಟ್ಟುಗತ್ತಿ ಬದಿಗೆ ಸರಿಯಿತು, ನಾನು ಪೂರಾ ಮಾತಿಗೆ ಇಳಿದೆ. ನ್ಯೂಯಾರ್ಕ್ ಪೇಟೆ, ಅಲ್ಲೊಂದು ಮಕ್ಕಳ ಪುಸ್ತಕದ ಸಣ್ಣ ಅಂಗಡಿ, ತಾಯಿ ಇಟ್ಟದ್ದು, ಈಗ ಮಗಳು ನಡೆಸ್ತಾಳೆ. ಹತ್ತಿರದಲ್ಲೇ ಇವನು ದೊಡ್ಡ ಪುಸ್ತಕದ ಅಂಗಡಿ ತೆಗೀತಾನೆ. ಎದುರು ಸಿಕ್ಕರೆ ಹಾವು ಮುಂಗುಸಿ. ರಾತ್ರಿ ಕಂಪ್ಯೂಟರಿನಲ್ಲಿ ಹೆಸರು ಹೇಳದೆ ಒಬ್ಬರಿಗೊಬ್ಬರು ಪತ್ರ ಬರೀತಾರೆ, ಯಾರಿಗೆ ಬರೀತಿದ್ದೇವೆ ಅಂತ ಇಬ್ಬರಿಗೂ ಗೊತ್ತಿಲ್ಲ. ಅವನ ಮಾತಿಗೆ ಒಂದು ದನಿ, ಅವಳಿಗೆ ಒಂದು ದನಿ. ಅವನ ನಾಯಿಗೂ ಒಂದು ಸಾಲು ಕೊಟ್ಟೆ, ಸಿನಿಮಾದಲ್ಲಿ ಅದು ಮಾತಾಡುವುದಿಲ್ಲ. ಒಳಗಿಂದ ಆಯಿ ಬಂದು ಬಾಗಿಲಲ್ಲಿ ನಿಂತು ನೋಡಿ, ‘ಇದೆಂತ ತಾಳಮದ್ದಳೆನೋ ಮಾಣಿ?’ ಅಂದಳು. ಹೌದಲ್ಲ ಅನಿಸಿತು. ವೇಷ ಇಲ್ಲ, ಕುಣಿತ ಇಲ್ಲ, ಕುಳಿತಲ್ಲೇ ಅರ್ಥ ಹೇಳುವುದು.

ಪತ್ರದ ವಿಷಯ ಬಂದ ಕೂಡಲೇ ಹಿರಿಯ ಅಕ್ಕನ ಕೈ ನಿಂತಿತು. ‘ಅಲ್ರಾ, ಇದು ಗಣೇಶನ ಮದುವೆ ಅಲ್ದಾ?’

ನಾನು ಬಾಯಿ ಬಿಟ್ಟುಕೊಂಡು ಕುಳಿತೆ. ‘ಗಣೇಶನ ಮದುವೆ’ ಬಂದದ್ದು 1990ರಲ್ಲಿ. ಫಣಿ ರಾಮಚಂದ್ರ ನಿರ್ದೇಶನ, ಅನಂತನಾಗ್, ವಿನಯಾ ಪ್ರಸಾದ್. ಒಂದೇ ವಠಾರ, ದಿನಾ ಕಿತ್ತಾಟ. ಇವನು ರೇಡಿಯೊದಲ್ಲಿ ಹಾಡುವ ಹುಡುಗಿಗೆ ಮನಸ್ಸು ಕೊಟ್ಟು ಪತ್ರ ಬರೀತಾನೆ, ಆ ಹಾಡುವ ಹುಡುಗಿ ಅದೇ ವಠಾರದ ಜಗಳಗಂಟಿಯೇ. ಎರಡೂ ಸಿನಿಮಾವನ್ನು ಎಷ್ಟೋ ಸಲ ನೋಡಿದ್ದೇನೆ, ಒಂದು ದಿನವೂ ನನಗೆ ಹೊಳೆದಿರಲಿಲ್ಲ. ಅಕ್ಕ ಅದನ್ನು ನೋಡಿದ್ದು ಒಂದೇ ಸಲ, ಊರಿಗೆಲ್ಲ ಒಂದೇ ಟಿವಿ ಇದ್ದ ಕಾಲದಲ್ಲಿ, ಯಾರದೋ ಮನೆ ಜಗಲಿಯಲ್ಲಿ, ಅದೂ ಆಂಟೆನಾ ತಿರುಗಿಸುವ ಹುಡುಗ ನಿದ್ದೆ ಮಾಡುವವರೆಗೆ ಮಾತ್ರ. ಅಮೆರಿಕದವರು ಕನ್ನಡದಿಂದ ಕದ್ದರು ಅಂತ ಆ ರಾತ್ರಿ ಎಲ್ಲರೂ ಸೇರಿ ತೀರ್ಮಾನ ಮಾಡಿದೆವು. ಹಾಗಲ್ಲ ಅಂತ ಆಮೇಲೆ ಹುಡುಕಿದಾಗ ತಿಳಿಯಿತು. ಅವರ ಕಥೆ 1937ರ ಒಂದು ಹಂಗೇರಿಯನ್ ನಾಟಕದ್ದು. 1940ರಲ್ಲೇ ಅದು ಹಾಲಿವುಡ್ಡಿನಲ್ಲಿ ಒಂದು ಸಿನಿಮಾ ಆಗಿತ್ತು. ಅದರಲ್ಲಿ ಇಬ್ಬರೂ ಒಂದೇ ಅಂಗಡಿಯ ಗುಮಾಸ್ತರು. ಎದುರಿಗಿದ್ದಾಗ ಜಗಳ, ಕಾಗದದಲ್ಲಿ ಪ್ರೀತಿ. ಇದು ಯಾವ ಊರಲ್ಲಿ ನೆಟ್ಟರೂ ಬರುವ ಬಳ್ಳಿ ಅಂತ ಕಾಣ್ತದೆ.

ಕಥೆ ಮುಂದೆ ಹೋಯಿತು. ಪತ್ರದವಳು ಇವಳೇ ಅಂತ ಅವನಿಗೆ ಗೊತ್ತಾಗ್ತದೆ, ಅವಳಿಗೆ ಹೇಳುವುದಿಲ್ಲ. ಚಿಕ್ಕ ಹುಡುಗಿಯೊಬ್ಬಳು ‘ಅಯ್ಯೋ ಪಾಪ’ ಅಂದಳು. ಉಳಿದವರಿಗೆ ಪಾಪ ಅನಿಸಲಿಲ್ಲ. ‘ಗೊತ್ತಿದ್ದೂ ಹೇಳೂದಿಲ್ಲಾ? ಕಳ್ಳ ಅಂವ’ ಅಂತ ಒಂದು ಅಡಿಕೆ ಪಟಕ್ಕನೆ ಎರಡಾಯಿತು. ಆಮೇಲೆ ಇವಳ ಅಂಗಡಿ ವ್ಯಾಪಾರ ಇಲ್ಲದೆ ಮುಚ್ಚಿತು. ನಾನು ದನಿ ತಗ್ಗಿಸಿ, ಖಾಲಿ ಕಪಾಟು, ಬಾಗಿಲ ಗಂಟೆ, ಅವಳು ಕೊನೆಯ ಸಲ ಬೀಗ ಹಾಕಿದ್ದು ಎಲ್ಲ ಹೇಳಿದೆ. ಸ್ವಲ್ಪ ಜಾಸ್ತಿಯೇ ಹೇಳಿದೆನೋ ಏನೋ. ಸಿಪ್ಪೆ ಬೀಳುವ ಶಬ್ದ ಬಿಟ್ಟರೆ ಬೇರೆ ಶಬ್ದ ಇಲ್ಲ. ಹಿರಿಯ ಅಕ್ಕ ಕೇಳಿದರು.

‘ಅಂಗಡಿ ಮುಚ್ಚಿಸ್ದವನ್ನೇ ಮದ್ವೆ ಆತದ್ಯಾ ಅದು?’

ಪ್ರೀತಿ ಅಕ್ಕಾ, ಅಂದೆ.

‘ಪ್ರೀತಿ ಸೈ. ಅವ್ವ ಇಟ್ಟ ಅಂಗಡಿ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಇಷ್ಟು ವರ್ಷ ಈ ಸಿನಿಮಾವನ್ನು ಹಾಯಾಗಿ ನೋಡಿದ್ದೇನೆ, ಕೊನೆಗೆ ಪಾರ್ಕಿನಲ್ಲಿ ಅವರು ಎದುರಾಗುವಾಗ ಪ್ರತಿ ಸಲ ಗಂಟಲು ಕಟ್ಟಿದೆ. ಅಂಗಡಿಯನ್ನು ಮಾತ್ರ ನಾನೂ ಅವಳ ಜೊತೆಗೇ ಮರೆತುಬಿಡುತ್ತಿದ್ದೆ. ಈ ಅಕ್ಕನ ಗಂಡ ಊರ ತಿರುವಿನಲ್ಲಿ ಸಣ್ಣ ಗೂಡಂಗಡಿ ಇಟ್ಟಿದ್ದ. ರಸ್ತೆ ಅಗಲ ಮಾಡುವಾಗ ಅದು ಹೋಯಿತು. ನನಗೆ ಅದು ನೆನಪಾದದ್ದು ಆಗ.

ಅಷ್ಟೊತ್ತಿಗೆ ಕರೆಂಟು ಹೋಯಿತು. ಇಪ್ಪತ್ತು ನಿಮಿಷ ಕತ್ತಲಲ್ಲಿ ಫೋನಿನ ಬೆಳಕಲ್ಲೇ ಸುಲಿದರು, ಹಾಗಾಗಿ ಫೋನೂ ಸತ್ತಿತು. ಸಿನಿಮಾ ಮುಗಿಯಲು ಇನ್ನೊಂದು ಕಾಲು ಗಂಟೆ ಇತ್ತು. ಆಯಿ ಲಾಟೀನು ತಂದಿಟ್ಟಳು. ಎಲ್ಲರೂ ನನ್ನ ಮುಖ ನೋಡುತ್ತಿದ್ದಾರೆ.

‘ಕಡಿಗೆ ಎಂತಾತು ಹೇಳಿ ಹೆಗಡೇರೆ. ಅಂಗಡಿ ವಾಪಸ್ ಕೊಟ್ನಾ ಅಂವ?’

‘ಕೊಟ್ಟ’ ಅಂದೆ.

ಬಾಯಿಂದ ಬಂದುಬಿಟ್ಟಿತು. ಒಮ್ಮೆ ಬಂದ ಮೇಲೆ ನಿಲ್ಲಿಸುವುದು ಹೇಗೆ? ಅವನು ತನ್ನ ದೊಡ್ಡ ಅಂಗಡಿಯ ಬಾಗಿಲು ಹಾಕಿದ, ಅವಳ ಸಣ್ಣ ಅಂಗಡಿಯ ಬೀಗದ ಕೈಯನ್ನು ಒಂದು ಲಕೋಟೆಯಲ್ಲಿ ಹಾಕಿ ಹೆಸರು ಬರೆಯದೆ ಕಳಿಸಿದ, ಅವಳು ಅಕ್ಷರ ನೋಡಿ ಗುರುತು ಹಿಡಿದಳು ಅಂತ ಹೇಳಿದೆ. ಕಂಪ್ಯೂಟರಿನ ಪತ್ರದಲ್ಲಿ ಕೈಬರಹ ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ. ಅವ್ವನ ಫೋಟೊಕ್ಕೆ ಮಾಲೆ ಹಾಕಿ ಅಂಗಡಿ ತೆಗೆದರು, ಮದುವೆ ಆಯಿತು ಅಂದೆ. ನಾಯಿಯೂ ಬಂದಿತ್ತು.

‘ಹಾಂಗಾರೆ ಅಡ್ಡಿಲ್ಲ’ ಅಂದರು ಅಕ್ಕ, ಮುಂದಿನ ಅಡಿಕೆ ತೆಗೆದುಕೊಂಡರು.

ಹೆಂಡತಿ ಚಾ ತಟ್ಟೆ ಹಿಡಿದು ಬಾಗಿಲಲ್ಲಿ ಯಾವಾಗ ಬಂದು ನಿಂತಿದ್ದಳೋ ಗೊತ್ತಿಲ್ಲ. ನನ್ನ ಕಾಟಕ್ಕೆ ಈ ಸಿನಿಮಾವನ್ನು ಅವಳೂ ಎರಡು ಸಲ ನೋಡಿದ್ದಾಳೆ. ಒಬ್ಬೊಬ್ಬರಿಗೂ ಚಾ ಕೊಟ್ಟು, ಕೊನೆಯ ಲೋಟ ನನಗೆ ಕೊಡುವಾಗ ಬಗ್ಗಿ ಮೆಲ್ಲಗೆ ಹೇಳಿದಳು.

‘ನಾಳೆ ನನ್ನದೊಂದು ಹಚ್ಚಿ. ಅದರಲ್ಲಿ ಸತ್ತವನನ್ನೂ ಬದುಕಿಸಿಬಿಡಿ.’